ಕುಳಿತಲ್ಲಿ ಕೂರಲಾಗದ ರೋಗಿ: ಮನೋರೋಗ ಔಷಧಗಳ ಅಡ್ಡ ಪರಿಣಾಮ ಮತ್ತು ಬೀಟಾ ಬ್ಲಾಕರ್ ಬಳಕೆ

ಚಿಕ್ಕಬಳ್ಳಾಪುರ: ಮನೋರೋಗಕ್ಕೆ ಚುಚ್ಚುಮದ್ದು ಪಡೆದು ಮನೆಗೆ ಮರಳಿದ ವ್ಯಕ್ತಿ ಮೂರ್ನಾಲ್ಕು ದಿನಗಳಲ್ಲಿ ಕುಳಿತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಅಂಗಳದ ಉದ್ದಗಲ ಅಳೆಯತೊಡಗುತ್ತಾನೆ. ಊಟಕ್ಕೆ ಕುಳಿತವನು ಎರಡು ತುತ್ತು ತಿಂದು ಏಳುತ್ತಾನೆ. ರಾತ್ರಿ ಮಲಗಿದರೆ ಕಾಲುಗಳು ಸುಮ್ಮನಿರುವುದಿಲ್ಲ. ರೋಗ ಮತ್ತೆ ಕೆದರಿತೆಂದು ಮನೆಯವರು ಭಾವಿಸುತ್ತಾರೆ. ಆಸ್ಪತ್ರೆಗೆ ಹೋಗಿ ಔಷಧ ಹೆಚ್ಚಿಸಿರೆಂದು ಕೇಳುತ್ತಾರೆ. ಅನೇಕ ಪ್ರಕರಣಗಳಲ್ಲಿ ಕೆದರಿರುವುದು ರೋಗವಾಗಿರುವುದಿಲ್ಲ. ಅದು ಕೊಟ್ಟ ಔಷಧದ್ದೇ ಅಡ್ಡ ಪರಿಣಾಮ. ಅಂಥ ಹೊತ್ತಿನಲ್ಲಿ ಪ್ರಮಾಣ ಹೆಚ್ಚಿಸಿದರೆ ರೋಗಿಯ ತಳಮಳ ಇಮ್ಮಡಿಯಾಗುತ್ತದೆ.

ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಅಕಥೀಸಿಯಾ ಎಂದು ಹೆಸರು. ಇದನ್ನು ಶಮನಗೊಳಿಸಲು ಮನೋವೈದ್ಯರು ದಶಕಗಳಿಂದ ಬಳಸುತ್ತಿರುವ ಪ್ರೊಪ್ರನೊಲಾಲ್ ಎಂಬ ಮಾತ್ರೆ ಮನೋರೋಗದ ಔಷಧವಲ್ಲ. ಹೃದ್ರೋಗಿಗಳಿಗೆಂದು ಸಿದ್ಧವಾದ ಬೀಟಾ ಬ್ಲಾಕರ್ ಗುಂಪಿನದು. ಒಬ್ಬನಿಗೆ ನಿದ್ದೆ ಮರಳಿಸುವ ಇದೇ ಮಾತ್ರೆ, ಉಬ್ಬಸವಿರುವ ಇನ್ನೊಬ್ಬನ ಉಸಿರಿಗೇ ಕುತ್ತು ತರಬಲ್ಲದು. ಶಿಡ್ಲಘಟ್ಟದಂಥ ರೇಷ್ಮೆಯ ಊರಿನಲ್ಲಿ ಈ ಎಚ್ಚರಿಕೆಗೆ ವಿಶೇಷ ಅರ್ಥವಿದೆ. ಎರಡನ್ನೂ ಮೊದಲು ಗುರುತಿಸುವ ಅವಕಾಶ ಇರುವುದು ವೈದ್ಯರಿಗಿಂತ ಹೆಚ್ಚಾಗಿ ವಾರ್ಡಿನಲ್ಲಿ, ಚುಚ್ಚುಮದ್ದಿನ ಕೊಠಡಿಯಲ್ಲಿ ಇರುವ ದಾದಿಗೆ.

ಮಂಗಳವಾರದ ವೈದ್ಯರು, ಉಳಿದ ಆರು ದಿನ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಜನರಿಗೆ ಮನೋರೋಗವೆಂದರೆ ನೆನಪಿಗೆ ಬರುವ ಮೊದಲ ಹೆಸರು ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಜಿಲ್ಲಾ ಕೇಂದ್ರದಿಂದ ಬೆಂಗಳೂರು ಸುಮಾರು 60 ಕಿ.ಮೀ. ದೂರವಷ್ಟೇ. ಆದರೆ ಗೌರಿಬಿದನೂರಿನ ಗಡಿಯ ಹಳ್ಳಿಯೊಂದರಿಂದ ತಳಮಳಿಸುವ ರೋಗಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮೆಜೆಸ್ಟಿಕ್ ತಲುಪಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯುವ ಕುಟುಂಬಕ್ಕೆ ಅದು ಒಂದಿಡೀ ದಿನದ ಕೂಲಿಯ ಪ್ರಶ್ನೆ. ಕುಳಿತಲ್ಲಿ ಕೂರಲಾಗದಿರುವುದೇ ತೊಂದರೆಯಾಗಿರುವವನಿಗೆ ಎರಡು ಗಂಟೆಯ ಬಸ್ ಪ್ರಯಾಣ ಎಂಥದೆಂದು ಊಹಿಸಬಹುದು.

ಈ ದೂರವನ್ನು ತಗ್ಗಿಸುವ ಪ್ರಯತ್ನ ಕರ್ನಾಟಕದಲ್ಲೇ ಮೊದಲಾಯಿತೆನ್ನಬೇಕು. ನಿಮ್ಹಾನ್ಸ್ 1970ರ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗ ಆರಂಭಿಸಿತು. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಅದು ಜಿಲ್ಲಾ ಮಟ್ಟಕ್ಕೆ ಬೆಳೆಯಿತು. ಆ 'ಬಳ್ಳಾರಿ ಮಾದರಿ'ಯನ್ನೇ ಆಧರಿಸಿ ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಜಾರಿಗೆ ತಂದಿತು. ಮುಂದೆ ರಾಜ್ಯ ಸರ್ಕಾರ ಮನೋಚೈತನ್ಯ ಎಂಬ ಯೋಜನೆಯಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಭೇಟಿ ನೀಡುವ ವ್ಯವಸ್ಥೆ ರೂಪಿಸಿತು.

ಆದರೆ ಅಡ್ಡ ಪರಿಣಾಮಗಳು ಮಂಗಳವಾರ ನೋಡಿಕೊಂಡು ಬರುವುದಿಲ್ಲ. ಮಂಗಳವಾರ ಪಡೆದ ಚುಚ್ಚುಮದ್ದಿನ ತೊಂದರೆ ಗುರುವಾರವೋ ಶುಕ್ರವಾರವೋ ಕಾಣಿಸಿಕೊಳ್ಳುತ್ತದೆ. ಆಗ ಎದುರಿಗಿರುವವರು ಸಾಮಾನ್ಯ ವೈದ್ಯಾಧಿಕಾರಿ ಮತ್ತು ಪಾಳಿಯಲ್ಲಿರುವ ದಾದಿ ಮಾತ್ರ.

ಡೋಪಮಿನ್ ತಡೆದರೆ ಏನಾಗುತ್ತದೆ?

ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗಗಳಿಗೆ ನೀಡುವ ಔಷಧಗಳನ್ನು ಆಂಟಿಸೈಕೋಟಿಕ್‌ಗಳೆಂದು ಕರೆಯಲಾಗುತ್ತದೆ. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜಾನ್ ಡಿಲೇ ಮತ್ತು ಪಿಯೆರ್ ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜಿನ್ ಅನ್ನು ಮನೋರೋಗಿಗಳಿಗೆ ನೀಡಿ ಗುಣ ಕಂಡದ್ದು ಈ ಚಿಕಿತ್ಸೆಯ ಆರಂಭ. 1958ರಲ್ಲಿ ಬೆಲ್ಜಿಯಂನಲ್ಲಿ ಪಾಲ್ ಜಾನ್ಸೆನ್ ಅವರ ಪ್ರಯೋಗಾಲಯದಿಂದ ಹ್ಯಾಲೊಪೆರಿಡಾಲ್ ಬಂತು. ಟ್ರೈಫ್ಲುಪೆರಜಿನ್, ಫ್ಲುಫೆನಜಿನ್ ಇದೇ ಹಳೆಯ ಪೀಳಿಗೆಯವು. ರಿಸ್ಪೆರಿಡೋನ್, ಒಲಾಂಜಪಿನ್, ಕ್ವೆಟಿಯಾಪಿನ್ ಮುಂತಾದವು ನಂತರದ ಪೀಳಿಗೆಯವು.

ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ದೂತನ ಸಂದೇಶವನ್ನು ತಡೆಯುವುದು ಬಹುಪಾಲು ಆಂಟಿಸೈಕೋಟಿಕ್‌ಗಳ ಕಾರ್ಯ. ಒಂದು ಭಾಗದಲ್ಲಿ ಈ ತಡೆಯಿಂದ ಭ್ರಮೆ, ಸಂಶಯ, ಕಿವಿಯಲ್ಲಿ ಕೇಳಿಸುವ ಧ್ವನಿಗಳು ಇಳಿಮುಖವಾಗುತ್ತವೆ. ಅದೇ ತಡೆ ದೇಹದ ಚಲನೆಯನ್ನು ನಿಯಂತ್ರಿಸುವ ಭಾಗದಲ್ಲಿಯೂ ಉಂಟಾದಾಗ ಸ್ನಾಯುಗಳು ಹಿಡಿತ ತಪ್ಪುತ್ತವೆ. ಹಳೆಯ ಪೀಳಿಗೆಯ ಔಷಧಗಳಲ್ಲಿ ಇದು ಹೆಚ್ಚು. ಹೊಸವುಗಳಲ್ಲಿ ಕಡಿಮೆಯಾದರೂ ಇಲ್ಲವೆಂದಲ್ಲ.

ಕೊರಳು ತಿರುಚಿದಾಗ

ಚಲನೆಗೆ ಸಂಬಂಧಿಸಿದ ತೊಂದರೆಗಳಲ್ಲಿ ಮೊದಲು ಕಾಣಿಸಿಕೊಳ್ಳುವುದು, ನೋಡುವವರನ್ನು ಹೆಚ್ಚು ಬೆದರಿಸುವುದು ಡಿಸ್ಟೋನಿಯಾ. ಔಷಧ ನೀಡಿದ ಕೆಲವೇ ಗಂಟೆಗಳಿಂದ ಕೆಲವು ದಿನಗಳೊಳಗೆ ಕೊರಳು ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ದವಡೆ ಬಿಗಿಯುತ್ತದೆ, ನಾಲಿಗೆ ಹೊರಚಾಚುತ್ತದೆ, ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಳ್ಳುತ್ತವೆ. ರೋಗಿಗೆ ಪ್ರಜ್ಞೆ ಪೂರ್ತಿ ಇರುತ್ತದೆ; ಆದ್ದರಿಂದಲೇ ಭಯ ಹೆಚ್ಚು. ಹರೆಯದ ಹುಡುಗರಲ್ಲಿ, ಹ್ಯಾಲೊಪೆರಿಡಾಲ್ ಚುಚ್ಚುಮದ್ದಿನ ನಂತರ ಇದು ಕಂಡುಬರುವ ಸಂಭವ ಹೆಚ್ಚು. ದೆವ್ವ ಮೆಟ್ಟಿದೆಯೆಂದೋ ಮೂರ್ಛೆರೋಗವೆಂದೋ ತಿಳಿದು ಅನ್ಯ ದಾರಿ ಹಿಡಿಯುವವರಿದ್ದಾರೆ.

ಇದಕ್ಕೆ ಚಿಕಿತ್ಸೆ ಸುಲಭ. ವೈದ್ಯರ ಆದೇಶದಂತೆ ಪ್ರೊಮೆಥಜಿನ್ ಚುಚ್ಚುಮದ್ದು ನೀಡಿದರೆ ಸಾಮಾನ್ಯವಾಗಿ ಅರ್ಧ ಗಂಟೆಯ ಸುಮಾರಿಗೆ ಬಿಗಿತ ಸಡಿಲುತ್ತದೆ. ಗಂಟಲಿನ ಸ್ನಾಯುಗಳು ಬಿಗಿದು ಉಸಿರಾಟಕ್ಕೆ ತೊಡಕಾದರೆ ಮಾತ್ರ ಅದು ಪ್ರಾಣಾಪಾಯದ ತುರ್ತು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ವಾಂತಿ ನಿಲ್ಲಿಸಲು ಎಲ್ಲ ಕ್ಲಿನಿಕ್ಕುಗಳಲ್ಲಿ ನೀಡುವ ಮೆಟೊಕ್ಲೊಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜಿನ್ ಕೂಡ ಡೋಪಮಿನ್ ತಡೆಯುವ ಔಷಧಗಳೇ. ಮನೋರೋಗದ ಸೋಂಕೇ ಇಲ್ಲದ ಕಾಲೇಜು ಹುಡುಗಿಯೊಬ್ಬಳಿಗೆ ವಾಂತಿಯ ಚುಚ್ಚುಮದ್ದಿನ ಬಳಿಕ ಕೊರಳು ತಿರುಚಿದರೆ ಕಾರಣ ಇದೇ ಆಗಿರಬಹುದು.

ವಾರಗಳು ಕಳೆದ ಮೇಲೆ ಬರುವ ತೊಂದರೆ ಪಾರ್ಕಿನ್ಸನ್ ರೋಗವನ್ನು ಹೋಲುತ್ತದೆ. ನಡಿಗೆ ನಿಧಾನ, ಮುಖದಲ್ಲಿ ಭಾವವಿಲ್ಲ, ಕೈಯಲ್ಲಿ ನಡುಕ, ಬಾಯಲ್ಲಿ ಜೊಲ್ಲು. ಇದಕ್ಕೆ ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆ ನೀಡುವುದು ರೂಢಿ; ನಮ್ಮಲ್ಲಿ ಟ್ರೈಫ್ಲುಪೆರಜಿನ್ ಅಥವಾ ರಿಸ್ಪೆರಿಡೋನ್ ಜೊತೆಗೆ ಅದನ್ನು ಒಂದೇ ಗುಳಿಗೆಯಲ್ಲಿ ಬೆರೆಸಿಯೂ ಮಾರಲಾಗುತ್ತದೆ. ಈ ಬೆರಕೆಯಿಂದ ಒಂದು ತಪ್ಪು ತಿಳಿವಳಿಕೆ ಬೆಳೆದಿದೆ. 'ಅಡ್ಡ ಪರಿಣಾಮದ ಗುಳಿಗೆ' ಜೊತೆಯಲ್ಲೇ ಇರುವುದರಿಂದ ಬೇರೆ ತೊಂದರೆ ಬರಲಾರದೆಂದು ಭಾವಿಸಲಾಗುತ್ತದೆ. ಆದರೆ ಟ್ರೈಹೆಕ್ಸಿಫೆನಿಡಿಲ್ ಅಕಥೀಸಿಯಾಕ್ಕೆ ಅಷ್ಟಾಗಿ ನಾಟುವುದಿಲ್ಲ. ಮೇಲಾಗಿ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ವಯಸ್ಸಾದವರಲ್ಲಿ ಮರೆವು ಮತ್ತು ಗೊಂದಲ ಅದರದೇ ಕೊಡುಗೆಗಳು.

ತಿಂಗಳುಗಳು, ವರ್ಷಗಳ ನಂತರ ತುಟಿ, ನಾಲಿಗೆ, ದವಡೆ ತಾವಾಗಿಯೇ ಆಡತೊಡಗುವ ಟಾರ್ಡಿವ್ ಡಿಸ್ಕಿನೇಸಿಯಾ ಎಲ್ಲಕ್ಕಿಂತ ಹಟಮಾರಿ. ಔಷಧ ನಿಲ್ಲಿಸಿದರೂ ಅದು ಉಳಿಯಬಹುದು. ಇಲ್ಲಿ ಟ್ರೈಹೆಕ್ಸಿಫೆನಿಡಿಲ್ ನೀಡಿದರೆ ತೊಂದರೆ ಹೆಚ್ಚುವುದೂ ಉಂಟು.

ಒಳಗಿನ ತಳಮಳ

ಅಕಥೀಸಿಯಾ ಎಂಬ ಪದವನ್ನು 1901ರಲ್ಲಿ ಪ್ರಾಗ್ ನಗರದ ವೈದ್ಯ ಲಾಡಿಸ್ಲಾವ್ ಹಾಷ್ಕೊವೆಟ್ಸ್ ಬಳಕೆಗೆ ತಂದರು. ಗ್ರೀಕ್ ಮೂಲದ ಈ ಪದಕ್ಕೆ 'ಕೂರಲಾಗದಿರುವುದು' ಎಂಬುದೇ ಅರ್ಥ. ಔಷಧಗಳು ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಹೆಸರು ಹುಟ್ಟಿತ್ತು.

ಇದನ್ನು ಗುರುತಿಸಲು ಯಂತ್ರ ಬೇಕಿಲ್ಲ, ರಕ್ತ ಪರೀಕ್ಷೆಯೂ ಬೇಕಿಲ್ಲ. 1989ರಲ್ಲಿ ಬ್ರಿಟನ್ನಿನ ಥಾಮಸ್ ಬಾರ್ನ್ಸ್ ರೂಪಿಸಿದ ಅಳತೆಗೋಲಿನ ಪ್ರಕಾರ ರೋಗಿಯನ್ನು ಕನಿಷ್ಠ ಎರಡು ನಿಮಿಷ ಕೂರಿಸಿ, ಎರಡು ನಿಮಿಷ ನಿಲ್ಲಿಸಿ, ಊರು-ಮನೆಯ ಮಾತನಾಡಿಸುತ್ತ ಕಾಲುಗಳನ್ನು ಗಮನಿಸಬೇಕು. ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದು, ಕುಳಿತಾಗ ಪಾದ ಉಜ್ಜುವುದು, ಕಾಲು ಬೀಸುವುದು ಕಂಡರೆ ಅನುಮಾನಿಸಬೇಕು. ನಂತರದ್ದು ಪ್ರಶ್ನೆ. ಕಾಲಿಗೆ ಸುಮ್ಮನಿರಲು ಆಗುತ್ತಿಲ್ಲವೆ, ಓಡಾಡಿದರೆ ತುಸು ಹಗುರವಾಗುತ್ತದೆಯೆ, ಈ ತಳಮಳ ಮನಸ್ಸಿನದೋ ಮೈಯದೋ, ಚುಚ್ಚುಮದ್ದಿಗೆ ಮೊದಲೂ ಇತ್ತೆ ಎಂದು ಕೇಳಬೇಕು. ಚಿಂತಾಮಣಿ, ಗೌರಿಬಿದನೂರು ಕಡೆಯ ಬಹಳಷ್ಟು ಮನೆಗಳಲ್ಲಿ ಮಾತು ತೆಲುಗು. ಒಳಗಿನ ಸಂಕಟವನ್ನು ಕೇಳುವಾಗ ಆಸ್ಪತ್ರೆಯ ಕನ್ನಡಕ್ಕಿಂತ ಮನೆಮಾತಿನ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ.

ಕೊನೆಯ ಪ್ರಶ್ನೆ ನಿರ್ಣಾಯಕ. ರೋಗದ ಉದ್ವೇಗಕ್ಕೆ ಸಾಮಾನ್ಯವಾಗಿ ಭ್ರಮೆಯೋ ಭಯವೋ ಕಾರಣವಾಗಿರುತ್ತದೆ. ಅಕಥೀಸಿಯಾದ ರೋಗಿ ಓಡಾಡುವುದು ಓಡಾಡದೆ ಇರಲಾಗದೆ. ಈ ಯಾತನೆ ತಾಳಲಾರದೆ ಚಿಕಿತ್ಸೆಯನ್ನೇ ಬಿಟ್ಟವರುಂಟು. ಬದುಕು ಬೇಡವೆನಿಸುವ ಆಲೋಚನೆಗೂ ಇದಕ್ಕೂ ನಂಟಿದೆಯೆಂದು ವೈದ್ಯ ಸಾಹಿತ್ಯ ಎಚ್ಚರಿಸುತ್ತದೆ.

ಗ್ರಾಮೀಣ ಸೇವೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಫ್ಲುಫೆನಜಿನ್ ಡೆಕನೋಯೇಟ್ ಚುಚ್ಚುಮದ್ದಿನ ವಿಷಯದಲ್ಲಿ ಇನ್ನೂ ಒಂದು ತೊಡಕು. ಎಣ್ಣೆಯಲ್ಲಿ ಕರಗಿಸಿದ ಈ ಔಷಧವನ್ನು ಪೃಷ್ಠದ ಸ್ನಾಯುವಿನ ಆಳಕ್ಕೆ ನೀಡಲಾಗುತ್ತದೆ. ಅದು ನಿಧಾನವಾಗಿ ಒಸರಿ ಎರಡರಿಂದ ನಾಲ್ಕು ವಾರ ಕೆಲಸ ಮಾಡುತ್ತದೆ. ದಿನವೂ ಮಾತ್ರೆ ನುಂಗಿಸುವ ಜಗಳ ತಪ್ಪುವುದರಿಂದ ಕುಟುಂಬಗಳಿಗೆ ಇದು ದೊಡ್ಡ ಅನುಕೂಲ. ಆದರೆ ಮಾತ್ರೆಯನ್ನು ನಾಳೆಯಿಂದ ನಿಲ್ಲಿಸಬಹುದು, ಒಮ್ಮೆ ಕೊಟ್ಟ ಚುಚ್ಚುಮದ್ದನ್ನು ಹಿಂತೆಗೆಯಲಾಗದು. ಮೊದಲ ಸಲ 12.5 ಮಿ.ಗ್ರಾಂ.ನಷ್ಟು ಕಡಿಮೆ ಪ್ರಮಾಣ ನೀಡಿ ನೋಡುವ ಪದ್ಧತಿ ಇರುವುದು ಈ ಕಾರಣಕ್ಕೆ. ಮುಂದಿನ ಚುಚ್ಚುಮದ್ದಿಗೆ ಬಂದ ರೋಗಿಯನ್ನು ಸೂಜಿ ಚುಚ್ಚುವ ಮೊದಲು ಎರಡು ನಿಮಿಷ ನಿಲ್ಲಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಹೃದಯದ ಮಾತ್ರೆ ಮನೋರೋಗಿಗೆ

ಅಡ್ರಿನಲಿನ್ ದೇಹದ ಮೇಲೆ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳ ಮೂಲಕ ವರ್ತಿಸುತ್ತದೆಂದು 1948ರಲ್ಲಿ ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ ಪ್ರತಿಪಾದಿಸಿದರು. ಬೀಟಾ ಗ್ರಾಹಕವನ್ನು ಮುಚ್ಚಿದರೆ ಹೃದಯದ ದುಡಿಮೆ ತಗ್ಗಿ ಎದೆನೋವು ಶಮನವಾದೀತೆಂಬ ತರ್ಕದಿಂದ ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನೊಲಾಲ್ ರೂಪಿಸಿದರು. 1988ರಲ್ಲಿ ನೊಬೆಲ್ ಪುರಸ್ಕಾರ ಪಡೆದವರಲ್ಲಿ ಅವರೂ ಒಬ್ಬರು.

ಇಂದು ಈ ಗುಂಪಿನ ಔಷಧಗಳ ಉಪಯೋಗ ಹೃದಯಕ್ಕೆ ಸೀಮಿತವಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ರಕ್ತದೊತ್ತಡಕ್ಕೆ ಮತ್ತು ಹೃದಯಾಘಾತದ ನಂತರ. ಕಾರ್ವೆಡಿಲಾಲ್, ಬಿಸೊಪ್ರೊಲಾಲ್ ಹೃದಯ ವೈಫಲ್ಯಕ್ಕೆ. ಪ್ರೊಪ್ರನೊಲಾಲ್ ಅಂತೂ ಬಹುರೂಪಿ. ಮೈಗ್ರೇನ್ ತಲೆನೋವು ಮರುಕಳಿಸದಂತೆ, ಥೈರಾಯ್ಡ್ ಅತಿಯಾಗಿ ಎದೆ ಹೊಡೆದುಕೊಳ್ಳುವಾಗ, ಯಕೃತ್ತಿಗೆ ರಕ್ತ ಒಯ್ಯುವ ರಕ್ತನಾಳಗಳಲ್ಲಿ ಒತ್ತಡವೇರಿದ ಯಕೃತ್ತಿನ ರೋಗಿಗಳಿಗೆ, ವಂಶಪಾರಂಪರ್ಯದ ಕೈನಡುಕಕ್ಕೆ, ವೇದಿಕೆ ಏರುವ ಮುನ್ನ ಕೈಕಾಲು ನಡುಗುವವರಿಗೆ ಇದೇ ಮಾತ್ರೆ. ಮನೋವೈದ್ಯಕೀಯದಲ್ಲಿ ಇದರ ಮುಖ್ಯ ಬಳಕೆ ಎರಡು: ಅಕಥೀಸಿಯಾ ಮತ್ತು ಲಿಥಿಯಂ ಸೇವಿಸುವವರ ಕೈನಡುಕ. ಲಿಥಿಯಂ ರೋಗಿಯಲ್ಲಿ ನಡುಕ ದೊಡ್ಡದಾಗಿ, ನಡಿಗೆ ತೂರಾಡಿ, ವಾಂತಿ-ಭೇದಿಯೂ ಸೇರಿದರೆ ಅದು ರಕ್ತದಲ್ಲಿ ಲಿಥಿಯಂ ಮಿತಿಮೀರಿದ ವಿಷಲಕ್ಷಣವಾಗಿರಬಹುದು. ಅಂಥ ನಡುಕವನ್ನು ಮಾತ್ರೆಯಿಂದ ಮುಚ್ಚುವ ಬದಲು ರಕ್ತ ಪರೀಕ್ಷೆಗೆ ಕಳಿಸಬೇಕು.

1983-84ರಲ್ಲಿ ಅಮೆರಿಕದ ಜೋಸೆಫ್ ಲಿಪಿನ್ಸ್ಕಿ ಮತ್ತು ಸಂಗಡಿಗರು ಅಕಥೀಸಿಯಾಕ್ಕೆ ಪ್ರೊಪ್ರನೊಲಾಲ್ ಫಲಕಾರಿಯೆಂದು ವರದಿ ಮಾಡಿದರು. ರೂಢಿಯ ಪ್ರಮಾಣ ದಿನಕ್ಕೆ ಒಟ್ಟು 30ರಿಂದ 80 ಮಿ.ಗ್ರಾಂ., ವಿಭಾಗಿಸಿ. ಇದರ ಹಿಂದಿರುವ ಪುರಾವೆ ಜನ ಭಾವಿಸುವಷ್ಟು ಗಟ್ಟಿಯಲ್ಲ ಎಂಬುದನ್ನೂ ಹೇಳಬೇಕು. ಕೊಕ್ರೇನ್ ಸಂಸ್ಥೆ 2004ರಲ್ಲಿ ಪ್ರಯೋಗಗಳನ್ನು ಪರಿಶೀಲಿಸಿದಾಗ ಸಿಕ್ಕಿದ್ದು ಒಟ್ಟು 51 ಮಂದಿಯನ್ನೊಳಗೊಂಡ ಮೂರು ಸಣ್ಣ ಅಧ್ಯಯನಗಳು ಮಾತ್ರ. 2006ರಲ್ಲಿ ಇಸ್ರೇಲಿನ ಸಂಶೋಧಕರು 15 ಮಿ.ಗ್ರಾಂ. ಮಿರ್ಟಜಪಿನ್ ಕೂಡ ಅಷ್ಟೇ ಫಲ ನೀಡುತ್ತದೆಂದು ತೋರಿಸಿದರು. ಯಾವ ಮಾತ್ರೆಯನ್ನೂ ಸೇರಿಸುವ ಮೊದಲು ಆಂಟಿಸೈಕೋಟಿಕ್‌ನ ಪ್ರಮಾಣ ತಗ್ಗಿಸಬಹುದೇ, ಬೇರೆಯದಕ್ಕೆ ಬದಲಿಸಬಹುದೇ ಎಂದು ಮನೋವೈದ್ಯರು ಯೋಚಿಸುವುದು ಇದೇ ಕಾರಣದಿಂದ.

ಅಂಗಡಿಯಲ್ಲಿ ಪ್ರೊಪ್ರನೊಲಾಲ್ ಇಲ್ಲವೆಂದು ಅಟೆನೊಲಾಲ್ ಕೊಟ್ಟರೆ ಆದೀತೇ? ಆಗದು. ಪ್ರೊಪ್ರನೊಲಾಲ್ ಕೊಬ್ಬಿನಲ್ಲಿ ಕರಗುವ ಗುಣದಿಂದ ಮಿದುಳನ್ನು ಸುಲಭವಾಗಿ ಪ್ರವೇಶಿಸುತ್ತದೆ. ಅಟೆನೊಲಾಲ್ ನೀರಿನಲ್ಲಿ ಕರಗುವಂಥದು, ಮಿದುಳಿಗೆ ಹೋಗುವುದು ಅತ್ಯಲ್ಪ. ಬಿ.ಪಿ. ಇಳಿಯುತ್ತದೆ, ತಳಮಳ ಹಾಗೆಯೇ ಉಳಿಯುತ್ತದೆ.

ಶಿಡ್ಲಘಟ್ಟದ ಉಸಿರು

ರಾಜ್ಯದ ದೊಡ್ಡ ರೇಷ್ಮೆ ಗೂಡಿನ ಮಾರುಕಟ್ಟೆಗಳಲ್ಲಿ ಶಿಡ್ಲಘಟ್ಟದ್ದೂ ಒಂದು. ಪಟ್ಟಣದ ಅನೇಕ ಬೀದಿಗಳಲ್ಲಿ ನೂಲು ಬಿಚ್ಚಾಣಿಕೆಯೇ ಜೀವನ. ಕುದಿಯುವ ನೀರಿನಲ್ಲಿ ಗೂಡುಗಳನ್ನು ಬೇಯಿಸಿ, ಎಳೆ ಹುಡುಕಿ ರಾಟೆಗೆ ಸೇರಿಸುವ ಕೆಲಸಗಾರರು ದಿನವಿಡೀ ಆ ಹಬೆಯಲ್ಲಿ, ಬೆಂದ ಹುಳುವಿನ ವಾಸನೆಯಲ್ಲಿ ಇರುತ್ತಾರೆ. ಗೂಡಿನ ಅಂಟು ಮತ್ತು ಹುಳುವಿನ ಪ್ರೋಟೀನುಗಳು ಉಸಿರಿನ ಮೂಲಕ ಒಳಸೇರಿ ಕೆಲವರಲ್ಲಿ ಅಲರ್ಜಿಯ ಉಬ್ಬಸ ತರುತ್ತವೆ. ಬಿಚ್ಚಾಣಿಕೆ ಘಟಕಗಳ ಕೆಲಸಗಾರರ ಉಬ್ಬಸದ ಬಗ್ಗೆ ಭಾರತದ ಸಂಶೋಧಕರು 1985ರಷ್ಟು ಹಿಂದೆಯೇ ಅಧ್ಯಯನ ಪ್ರಕಟಿಸಿದ್ದರು. ಶ್ರೀಲಂಕಾ ಮತ್ತು ಜಪಾನಿನಲ್ಲೂ ಇಂಥದೇ ವರದಿಗಳಿವೆ.

ಬೀಟಾ ಗ್ರಾಹಕಗಳಲ್ಲಿ ಒಂದನೆಯ ಬಗೆ ಹೃದಯದಲ್ಲಿ ಹೆಚ್ಚು, ಎರಡನೆಯ ಬಗೆ ಶ್ವಾಸನಾಳಗಳಲ್ಲಿ. ಪ್ರೊಪ್ರನೊಲಾಲ್ ಎರಡನ್ನೂ ಮುಚ್ಚುತ್ತದೆ. ಶ್ವಾಸನಾಳವನ್ನು ಅಗಲವಾಗಿರಿಸುವ ಗ್ರಾಹಕ ಮುಚ್ಚಿದಾಗ ಉಬ್ಬಸದ ರೋಗಿಯ ನಾಳಗಳು ತಟ್ಟನೆ ಕಿರಿದಾಗಬಹುದು. ಇನ್ನೂ ಅಪಾಯದ ಸಂಗತಿಯೆಂದರೆ, ಉಬ್ಬಸಕ್ಕೆ ಎಳೆಯುವ ಸಾಲ್ಬುಟಮಾಲ್ ಪಂಪು ಕೆಲಸ ಮಾಡುವುದು ಇದೇ ಗ್ರಾಹಕದ ಮೂಲಕ. ಬಾಗಿಲಿಗೆ ಬೀಗ ಬಿದ್ದ ಮೇಲೆ ಪಂಪು ಎಷ್ಟು ಒತ್ತಿದರೂ ಫಲ ಕಡಿಮೆ. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳು ಹೃದಯದ ಗ್ರಾಹಕವನ್ನೇ ಹೆಚ್ಚಾಗಿ ಆಯ್ದುಕೊಳ್ಳುವುದರಿಂದ ಅಪಾಯ ಕಡಿಮೆ, ಪ್ರಮಾಣ ಹೆಚ್ಚಿದಂತೆ ಆ ಆಯ್ಕೆಯೂ ಸಡಿಲವಾಗುತ್ತದೆ.

'ನಿಮಗೆ ಅಸ್ತಮಾ ಇದೆಯೆ?' ಎಂದು ಕೇಳಿದರೆ ಬಹಳಷ್ಟು ಕೆಲಸಗಾರರ ಉತ್ತರ ಇಲ್ಲವೆಂದೇ. ಆ ಹೆಸರಿನಿಂದ ಯಾರೂ ಅವರಿಗೆ ರೋಗ ಹೇಳಿರುವುದಿಲ್ಲ. ಗೂರಲು ಬರುತ್ತದೆಯೆ, ದಮ್ಮು ಕಟ್ಟುತ್ತದೆಯೆ, ರಾತ್ರಿ ಕೆಮ್ಮಿ ಎದ್ದು ಕೂರುತ್ತೀರಾ, ಕೆಲಸವಿಲ್ಲದ ದಿನ ಕಡಿಮೆಯಾಗುತ್ತದೆಯೆ, ಪಂಪು ಎಳೆಯುತ್ತೀರಾ ಎಂದು ಕೇಳಿದರೆ ಸತ್ಯ ಹೊರಬರುತ್ತದೆ. ಈ ಕೊನೆಯ ಪ್ರಶ್ನೆಗೆ ಇನ್ನೊಂದು ಮಗ್ಗುಲೂ ಇದೆ. ಸಾಲ್ಬುಟಮಾಲ್ ಹೆಚ್ಚಾದಾಗಲೂ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆ ನಡುಕಕ್ಕೆ ಪ್ರೊಪ್ರನೊಲಾಲ್ ಕೊಟ್ಟಲ್ಲಿ ಅನಾಹುತಕ್ಕೆ ಆಹ್ವಾನ ಕೊಟ್ಟಂತೆ. ಬಿಚ್ಚಾಣಿಕೆಯಲ್ಲಿ ಬೆರಳ ತುದಿಯಿಂದ ಎಳೆ ಹಿಡಿಯಬೇಕಾದವರಿಗೆ ಕೈನಡುಕವೆಂದರೆ ಕೂಲಿಯ ನಷ್ಟ. ಹಾಗಾಗಿ 'ನಡುಕದ ಮಾತ್ರೆ' ಕೇಳಿಕೊಂಡು ನೇರ ಔಷಧ ಅಂಗಡಿಗೆ ಹೋಗುವ ಸೆಳೆತ ಇಲ್ಲಿ ಸಹಜವಾಗಿಯೇ ಹೆಚ್ಚು.

ಮಾತ್ರೆ ಕೊಡುವ ಮೊದಲು

ಬೀಟಾ ಬ್ಲಾಕರ್ ನೀಡುವ ಮೊದಲು ನಾಡಿ ಮತ್ತು ರಕ್ತದೊತ್ತಡ ನೋಡುವುದು ಶುಶ್ರೂಷೆಯ ಪ್ರಾಥಮಿಕ ಪಾಠ. ನಾಡಿ ನಿಮಿಷಕ್ಕೆ 60ಕ್ಕಿಂತ ಕಡಿಮೆಯಿದ್ದರೆ, ಮೇಲಿನ ಒತ್ತಡ 100ಕ್ಕಿಂತ ಕೆಳಗಿದ್ದರೆ ಮಾತ್ರೆ ತಡೆಹಿಡಿದು ವೈದ್ಯರಿಗೆ ತಿಳಿಸುವುದು ಸಾಮಾನ್ಯ ಕ್ರಮ. ಮನೋರೋಗಿಯ ವಿಷಯದಲ್ಲಿ ಒತ್ತಡವನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಬೇಕು. ಕ್ಲೋರ್‌ಪ್ರೊಮಜಿನ್‌ನಂಥ ಔಷಧಗಳು ತಾವೇ ಒತ್ತಡ ಇಳಿಸುತ್ತವೆ. ಪ್ರೊಪ್ರನೊಲಾಲ್ ಜೊತೆಗೂಡಿದಾಗ ಎರಡೂ ಪರಸ್ಪರ ರಕ್ತದಲ್ಲಿನ ಪ್ರಮಾಣವನ್ನು ಏರಿಸುತ್ತವೆ. ಹಾಸಿಗೆಯಿಂದ ಥಟ್ಟನೆ ಎದ್ದ ವೃದ್ಧೆ ಬಿದ್ದು ಸೊಂಟ ಮುರಿದುಕೊಳ್ಳಲು ಇಷ್ಟು ಸಾಕು. ಫ್ಲುಒಕ್ಸೆಟಿನ್, ಪ್ಯಾರೊಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳು ಕೂಡ ಯಕೃತ್ತಿನಲ್ಲಿ ಬೀಟಾ ಬ್ಲಾಕರ್ ಕರಗುವುದನ್ನು ನಿಧಾನಗೊಳಿಸಿ ನಾಡಿಯನ್ನು ಕುಗ್ಗಿಸಬಲ್ಲವು.

ಸಕ್ಕರೆ ಕಾಯಿಲೆಯವರ ಪ್ರಶ್ನೆ ಬೇರೆ. ಸಕ್ಕರೆ ದಿಢೀರನೆ ಇಳಿದಾಗ ಎದೆ ಬಡಿತ, ನಡುಕಗಳು ಎಚ್ಚರಿಕೆಯ ಗಂಟೆ. ಬೀಟಾ ಬ್ಲಾಕರ್ ಆ ಗಂಟೆಯ ಸದ್ದಡಗಿಸುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಇನ್ಸುಲಿನ್ ಪಡೆಯುವವರಿಗೆ ಬೆವರನ್ನು ನಂಬಿರೆಂದು ಹೇಳಿಕೊಡಬೇಕು. ಒಲಾಂಜಪಿನ್, ಕ್ಲೋಜಪಿನ್‌ಗಳು ತೂಕವನ್ನೂ ಸಕ್ಕರೆಯನ್ನೂ ಏರಿಸುವುದರಿಂದ ಈ ಮೂರೂ ಒಬ್ಬನಲ್ಲೇ ಸೇರುವುದು ಅಪರೂಪವೇನಲ್ಲ. ತೂಕ, ಸೊಂಟದ ಸುತ್ತಳತೆ, ಸಕ್ಕರೆಯನ್ನು ಔಷಧ ಆರಂಭಿಸುವಾಗಲೇ ಬರೆದಿಡದಿದ್ದರೆ ಆರು ತಿಂಗಳ ನಂತರ ಹೋಲಿಸಲು ಏನೂ ಇರುವುದಿಲ್ಲ.

ಕ್ಲೋಜಪಿನ್ ಬಗ್ಗೆ ಇನ್ನೊಂದು ಮಾತು. 1975ರಲ್ಲಿ ಫಿನ್ಲೆಂಡಿನಲ್ಲಿ ಬಿಳಿ ರಕ್ತಕಣ ಕುಸಿದು ಸಾವುಗಳು ಸಂಭವಿಸಿದ್ದರಿಂದ ಹಿನ್ನಡೆ ಕಂಡಿದ್ದ ಈ ಔಷಧ, ಬೇರಾವುದಕ್ಕೂ ಬಗ್ಗದ ರೋಗಕ್ಕೆ ಉಪಯುಕ್ತವೆಂದು 1988ರ ಅಧ್ಯಯನದಲ್ಲಿ ಸಿದ್ಧವಾಗಿ ಮರಳಿತು. ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಎಂಬುದು ಬಹುಕಾಲದ ಕ್ರಮ. ಇದನ್ನು ಸೇವಿಸುವವರ ನಾಡಿ ವೇಗವಾಗುವುದು ಸಾಮಾನ್ಯ, ಅದಕ್ಕೂ ಬೀಟಾ ಬ್ಲಾಕರ್ ಕೊಡುವುದುಂಟು. ಆದರೆ ಮೊದಲ ವಾರಗಳಲ್ಲಿ ವೇಗದ ನಾಡಿಯೊಂದಿಗೆ ಜ್ವರ, ಎದೆನೋವು, ಏದುಸಿರು ಇದ್ದರೆ ಅದು ಹೃದಯಸ್ನಾಯುವಿನ ಉರಿಯೂತವಾಗಿರಬಹುದು. ಆಗ ನಾಡಿ ಇಳಿಸಿ ಸುಮ್ಮನಿರುವಂತಿಲ್ಲ. ಗಂಟಲುನೋವು, ಜ್ವರ ಎಂದವನಿಗೆ ರಕ್ತಕಣ ಎಣಿಸದೆ ಪ್ಯಾರಾಸಿಟಮಾಲ್ ಕೊಟ್ಟು ಕಳಿಸುವಂತೆಯೂ ಇಲ್ಲ.

ಬಿಸಿಲು, ಜ್ವರ, ಬಿಗಿತ

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಬಯಲುಸೀಮೆಯಲ್ಲಿ ಮಾರ್ಚಿಯಿಂದ ಮೇವರೆಗೆ ಹೊಲದ ಕೆಲಸ ಉರಿಬಿಸಿಲಿನದು. ಕ್ಲೋರ್‌ಪ್ರೊಮಜಿನ್ ಚರ್ಮವನ್ನು ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತದೆ. ಟ್ರೈಹೆಕ್ಸಿಫೆನಿಡಿಲ್ ಬೆವರನ್ನೇ ತಗ್ಗಿಸುತ್ತದೆ. ಬೆವರದ ಮೈ ಬಿಸಿಯೇರುತ್ತದೆ. ಟೋಪಿ, ನೀರು, ನಡುಹಗಲ ವಿರಾಮವನ್ನು ಔಷಧ ಚೀಟಿಯ ಭಾಗವೆಂದೇ ಹೇಳಬೇಕು.

ಆಂಟಿಸೈಕೋಟಿಕ್ ಸೇವಿಸುವವನಿಗೆ ತೀವ್ರ ಜ್ವರ, ಸೀಸದ ಕೊಳವೆಯಂತೆ ಬಿಗಿದ ಕೈಕಾಲು, ಮಂಕಾದ ಪ್ರಜ್ಞೆ, ವಿಪರೀತ ಬೆವರು, ಏರಿಳಿಯುವ ಒತ್ತಡ ಒಟ್ಟಿಗೆ ಕಂಡರೆ ಅದು ನ್ಯೂರೊಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಆಗಿರಬಹುದು. ವಿರಳ, ಮಾರಕ. ಸಾಮಾನ್ಯ ಜ್ವರವೆಂದು ಒಂದು ರಾತ್ರಿ ಕಾಯುವಷ್ಟು ಸಮಯ ಇರುವುದಿಲ್ಲ. ಆಂಟಿಸೈಕೋಟಿಕ್‌ನ ಮುಂದಿನ ಮಾತ್ರೆ ನಿಲ್ಲಿಸಿ, ಮೈ ತಂಪಾಗಿಸುತ್ತ, ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಆ್ಯಂಬುಲೆನ್ಸಿನಲ್ಲಿ ಕಳಿಸಬೇಕು.

ಎರಡು ಚೀಟಿ, ಒಬ್ಬ ರೋಗಿ

ರೋಗಿಯ ಕೈಯಲ್ಲಿ ಸಾಮಾನ್ಯವಾಗಿ ಎರಡು ಚೀಟಿಗಳಿರುತ್ತವೆ. ಒಂದು ಬಿ.ಪಿ.-ಸಕ್ಕರೆಯದು, ಇನ್ನೊಂದು ಮನೋರೋಗದ್ದು. ಬರೆದ ವೈದ್ಯರು ಒಬ್ಬರನ್ನೊಬ್ಬರು ಕಂಡಿರುವುದಿಲ್ಲ. ಒಂದರಲ್ಲಿ ಅಟೆನೊಲಾಲ್, ಮತ್ತೊಂದರಲ್ಲಿ ಪ್ರೊಪ್ರನೊಲಾಲ್ ಇದ್ದರೆ ಒಂದೇ ಗುಂಪಿನ ಎರಡು ಔಷಧ ಒಂದೇ ಹೊಟ್ಟೆ ಸೇರುತ್ತವೆ. ಎರಡೂ ಚೀಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡುವ ಕೆಲಸ ಚುಚ್ಚುಮದ್ದಿನ ಕೊಠಡಿಯಲ್ಲೇ ಆಗಬೇಕಾದದ್ದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ 22ನೆಯ ಕಲಮಿನ ಪ್ರಕಾರ ಚಿಕಿತ್ಸೆಯ ತಿಳಿದಿರುವ ಅಡ್ಡ ಪರಿಣಾಮಗಳ ಮಾಹಿತಿ ಪಡೆಯುವುದು ರೋಗಿಯ ಹಕ್ಕು. ಕೊರಳು ತಿರುಚಬಹುದು, ಕಾಲು ತಳಮಳಿಸಬಹುದು, ಹಾಗಾದರೆ ಬೆದರದೆ ಬನ್ನಿ ಎಂಬ ಮೂರು ವಾಕ್ಯಗಳನ್ನು ಮೊದಲೇ ಹೇಳಿದ್ದರೆ ಎಷ್ಟೋ ಮನೆಗಳಲ್ಲಿ ಔಷಧ ಕಸದ ಬುಟ್ಟಿ ಸೇರುತ್ತಿರಲಿಲ್ಲ.

ತಳಮಳ ಇಳಿದ ಮೇಲೆ ಪ್ರೊಪ್ರನೊಲಾಲ್ ಮಾತ್ರೆಯನ್ನು ರೋಗಿ ತಾನಾಗಿ ನಿಲ್ಲಿಸುವುದುಂಟು. ತಿಂಗಳುಗಟ್ಟಲೆ ಸೇವಿಸಿದವರು ಥಟ್ಟನೆ ಬಿಟ್ಟರೆ ನಾಡಿ ಮತ್ತು ಒತ್ತಡ ಪುಟಿದೇಳುತ್ತವೆ. ಹೃದ್ರೋಗವಿರುವವರಿಗೆ ಎದೆನೋವು, ಹೃದಯಾಘಾತವೂ ಆಗಬಹುದು. ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಇಳಿಸುವುದು ಕ್ರಮ. ಮುಂದಿನ ಮಂಗಳವಾರದವರೆಗೆ ಮಾತ್ರೆ ಸಾಲುತ್ತದೆಯೇ ಎಂದು ಎಣಿಸಿ ಕೊಡುವುದು ಈ ಕಾರಣಕ್ಕೆ. ನಡುವೆ ಸಂಶಯ ಬಂದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಉಸಿರು ಕಟ್ಟಿದರೆ, ಜ್ವರದೊಂದಿಗೆ ಮೈ ಬಿಗಿದರೆ ಮಾತ್ರ ಮೊದಲ ಕರೆ 108ಕ್ಕೆ.